ಕಾಗದದ ಉಡುಪುಗಳನ್ನು ಕುರಿತು

ಬಡ ವಿದ್ಯಾರ್ಥಿನಿಯರ ಸಹಾಯನಿಧಿಗಾಗಿ ನಮ್ಮ ಶಾಲೆಯಲ್ಲಿ ನಡೆದ ಪೋಷಾಕು ಪ್ರದರ್ಶನವನ್ನು ನೋಡಿದ ಪೋಷಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅನೇಕರು, ಆ ಉಡುಪುಗಳು ನಿಜವಾಗಿಯೂ ಕಾಗದದವೋ, ಹಾಗಾದರೆ ಹರಿಯದೆ ನಿಂತದ್ದು ಹೇಗೆ ಎಂದು ನಮ್ಮನ್ನು ಕೇಳಿದರು. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರ ಬರೆಯುವುದಕ್ಕಿಂತ ಈ ಸಂಚಿಕೆಯಲ್ಲಿ ಒಟ್ಟಾಗಿ ವಿವರಿಸುವುದು ಯುಕ್ತವೆಂದು ತೋರಿತು.

ಕಾಗದವನ್ನೇ ಯಾಕೆ ಆರಿಸಿಕೊಂಡೆವೆಂಬುದನ್ನು ಮೊದಲು ಹೇಳಬೇಕು. ಇದಕ್ಕೆ ಹಿಂದಿನ ವರ್ಷ ವೇಷಭೂಷಣ ಸ್ಪರ್ಧೆಯನ್ನು ಏರ್ಪಡಿಸಿದ್ದೆವು. ವೇಷಗಳು ಅಂಗಡಿಯಿಂದ ಬಾಡಿಗೆಗೆ ಬಂದವು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಬರುವ ನಮ್ಮ ಹುಡುಗಿಯರಲ್ಲಿ ಬಹುಮಂದಿ ಮಳೆಯನ್ನೇ ನಂಬಿ ತೊಗರಿ ಬೆಳೆಯುವವರ, ಇಲ್ಲವೆ ಕೂಲಿ ಮಾಡುವವರ ಮಕ್ಕಳು. ಸ್ಪರ್ಧೆಯ ದಿನ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಬರಲಿಲ್ಲ. ಕೇಳಿದಾಗ ಜ್ವರವಿತ್ತೆಂದಳು. ಜ್ವರವಿರಲಿಲ್ಲ, ಬಾಡಿಗೆಯ ಹಣವಿರಲಿಲ್ಲವೆಂಬುದು ಎರಡು ದಿನಗಳಾದ ಮೇಲೆ ಅವಳ ಗೆಳತಿಯಿಂದ ತಿಳಿಯಿತು. ಸಹಾಯನಿಧಿಯ ಹೆಸರಿನಲ್ಲಿ ನಡೆದ ಕಾರ್ಯವು ಸಹಾಯಕ್ಕೆ ಅರ್ಹಳಾದವಳನ್ನೇ ಹೊರಗೆ ನಿಲ್ಲಿಸಿತ್ತು. ಆ ತಪ್ಪು ನಮ್ಮದೇ. ಆದುದರಿಂದ ಈ ಸಾರಿ ನೂಲು, ಮೈದಾಹಿಟ್ಟು, ಇವೆರಡರ ಹೊರತು ಯಾರೂ ಏನನ್ನೂ ಕೊಂಡು ತರಕೂಡದೆಂದು ನಿಯಮ ಮಾಡಿದೆವು.

ಇಂಥ ಉಡುಪು ನಮ್ಮ ಕಲ್ಪನೆಯೇನೂ ಅಲ್ಲ. ಜಪಾನ್ ದೇಶದಲ್ಲಿ ಒಂದು ಬಗೆಯ ಹಿಪ್ಪುನೇರಳೆಯ ನಾರಿನಿಂದಾದ ಕಾಗದವನ್ನು ಗೆಡ್ಡೆಯ ಅಂಟಿನಲ್ಲಿ ನೆನೆಯಿಸಿ, ಕೈಯಿಂದ ಹಿಸುಕಿ ಮೆತ್ತಗೆ ಮಾಡಿ, ಕಾಮಿಕೋ ಎಂಬ ಉಡುಪನ್ನು ಹೊಲಿಯುವುದುಂಟು. ಆ ಗೆಡ್ಡೆಯು ನಮ್ಮ ಸುವರ್ಣಗೆಡ್ಡೆಯ ಕುಲಕ್ಕೇ ಸೇರಿದುದು. ನಾರಾ ಪಟ್ಟಣದ ತೋದೈಜಿ ದೇವಾಲಯದ ಭಿಕ್ಷುಗಳು ವರ್ಷಕ್ಕೊಮ್ಮೆ ನಡೆಯುವ ವ್ರತದಲ್ಲಿ ಇಂದಿಗೂ ಅದನ್ನು ಧರಿಸುತ್ತಾರೆ. ಅಮೇರಿಕದಲ್ಲಿ ೧೯೬೬ರಲ್ಲಿ ಸ್ಕಾಟ್ ಪೇಪರ್ ಕಂಪೆನಿಯು ತನ್ನ ಸರಕಿನ ಪ್ರಚಾರಕ್ಕಾಗಿ ಒಂದೂಕಾಲು ಡಾಲರಿಗೆ ಒಂದರಂತೆ ಕಾಗದದ ಅಂಗಿಗಳನ್ನು ಮಾರಲು, ಸುಮಾರು ಐದು ಲಕ್ಷ ಅಂಗಿಗಳು ಖರ್ಚಾದವು. ಆ ಕಾಗದದೊಳಗೆ ರೇಯಾನ್ ಎಳೆಗಳ ಬಲೆಯಿತ್ತು. ಎರಡು ಮೂರು ವರ್ಷಗಳಲ್ಲಿ ಆ ಷೋಕಿ ಅಡಗಿತು. ನಮ್ಮಲ್ಲಿದ್ದುದು ಬರಿಯ ಹಳೆಯ ವರ್ತಮಾನಪತ್ರಿಕೆ, ಅಂಗಡಿಯ ಖಾಕಿ ಕಾಗದ.

ಕಾಗದಕ್ಕೂ ಮರದ ಹಲಗೆಯಂತೆ ಒಂದು ಓಟವಿದೆ. ಯಂತ್ರದಲ್ಲಿ ಕಾಗದವಾಗುವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ತಾವು ಮನೆಯಲ್ಲಿಯೇ ಪತ್ರಿಕೆಯೊಂದನ್ನು ಮೇಲಿನಿಂದ ಕೆಳಕ್ಕೆ ಹರಿದು ನೋಡಬಹುದು; ನೂಲು ಹಿಡಿದಂತೆ ನೆಟ್ಟಗೆ ಹರಿಯುವುದು. ಅಡ್ಡಲಾಗಿ ಹರಿದರೆ ಅಂಕುಡೊಂಕಾಗುವುದು. ಪರಕಾರಕ್ಕೆ ಈ ಓಟವು ಸೊಂಟದಿಂದ ಪಾದದ ಕಡೆಗೆ ಇರತಕ್ಕದ್ದು. ಆಗ ನೆರಿಗೆಗಳು ಚೂಪಾಗಿ ಕೂಡುತ್ತವೆ, ಹಾಳೆಯು ಸೊಂಟದ ಸುತ್ತ ಸುಲಭವಾಗಿ ಬಾಗುತ್ತದೆ. ಆದರೆ ಅಂಚಿನಲ್ಲಿ ಒಂದು ಸಣ್ಣ ಸೀಳು ಬಿದ್ದರೂ ಅದು ಮೇಲಕ್ಕೇ ಓಡುವುದು. ಅದಕ್ಕಾಗಿ ಅಂಚನ್ನು ಎರಡು ಸಾರಿ ಮಡಚಿ, ಒಳಗಡೆ ಹಳೆಯ ಸೀರೆಯ ಪಟ್ಟಿಯನ್ನು ಅಂಟಿಸಿದೆವು. ಪತ್ರಿಕೆಯ ಕಾಗದವು ಚದರ ಮೀಟರಿಗೆ ಸುಮಾರು ೪೫ ಗ್ರಾಂ ತೂಗುತ್ತದೆ. ಇಪ್ಪತ್ತು ಹಾಳೆಗಳ ಪರಕಾರವಾದರೂ ಅರ್ಧ ಕಿಲೋಗ್ರಾಮಿನೊಳಗೆ ಇರುತ್ತದೆ. ಭಾರವೆಂಬ ದೂರು ಯಾರಿಂದಲೂ ಬರಲಿಲ್ಲ.

ಕಾಗದದ ನಿಜವಾದ ಶತ್ರು ನೀರು. ಇದನ್ನು ನಾವು ಕಲಿಸಬೇಕಾಗಲಿಲ್ಲ. ೨೦೨೦ರ ಅಕ್ಟೋಬರಿನಲ್ಲಿ ಭೀಮಾನದಿಗೆ ಮಹಾಪೂರ ಬಂದಾಗ ಅಫಜಲಪುರ, ಜೇವರ್ಗಿ ತಾಲೂಕುಗಳ ನದೀತೀರದ ಹಳ್ಳಿಗಳೊಳಗೆ ನೀರು ನುಗ್ಗಿದ್ದನ್ನು ಓದುಗರು ಬಲ್ಲರು. ಆಗ ಚಿಕ್ಕವಳಾಗಿದ್ದ ಒಬ್ಬ ಹುಡುಗಿ, ತನ್ನ ಅಕ್ಕನ ಪುಸ್ತಕಗಳು ಹಿಟ್ಟಿನ ಮುದ್ದೆಯಂತಾದುದನ್ನು ತರಗತಿಯಲ್ಲಿ ಹೇಳಿದಳು. ಕಾರಣವೇನೆಂದರೆ, ಕಾಗದದಲ್ಲಿ ನಾರುಗಳನ್ನು ಹಿಡಿದಿಡುವುದು ಮುಖ್ಯವಾಗಿ ನೂಲೂ ಅಲ್ಲ, ಅಂಟೂ ಅಲ್ಲ. ಒಣಗುವಾಗ ಅವು ಒಂದಕ್ಕೊಂದು ತಾವಾಗಿ ಅಂಟಿಕೊಳ್ಳುತ್ತವೆ, ನೆನೆದರೆ ಕೈಬಿಡುತ್ತವೆ. ಬೆವರೂ ನೀರೇ. ಈ ಕಾರಣದಿಂದ ಪ್ರದರ್ಶನವನ್ನು ನಮ್ಮ ಸೀಮೆಯ ಬೇಸಗೆಯಲ್ಲಿಡದೆ ಡಿಸೆಂಬರ್ ತಿಂಗಳಲ್ಲಿ ಇಟ್ಟೆವು. ಕಂಕುಳು, ಕೊರಳು, ಬೆನ್ನು, ಈ ಮೂರು ಕಡೆ ಹಳೆಯ ಹತ್ತಿಬಟ್ಟೆಯ ಅಸ್ತರು ಕೊಟ್ಟೆವು.

ಅಂಟಿನ ವಿಷಯದಲ್ಲಿ ಹುಡುಗಿಯರೇ ನಮಗೆ ಗುರುಗಳಾದರು. ಮೊದಲ ದಿನ ತಣ್ಣೀರಿನಲ್ಲಿ ಕಲಸಿದ ಮೈದಾ ಒಣಗಿ ಪುಡಿಯಾಗಿ ಉದುರಿತು. ಜೋಳದ ರೊಟ್ಟಿಗೆ ಎಸರು ಕುದಿಸಿ ಹಾಕದಿದ್ದರೆ ಹಿಟ್ಟು ಕೂಡುವುದಿಲ್ಲ, ಬಡಿದರೆ ರೊಟ್ಟಿ ಬಿರಿಯುತ್ತದೆ, ಹಾಗೆಯೇ ಇದಕ್ಕೂ ಕುದಿಯುವ ನೀರು ಬೇಕೆಂದು ವಸತಿಗೃಹದ ಹುಡುಗಿಯೊಬ್ಬಳು ಹೇಳಿದಳು. ಅವಳ ಮಾತು ಸರಿ. ಹಿಟ್ಟಿನೊಳಗಿನ ಗಂಜಿಯ ಕಣಗಳು ಬಿಸಿನೀರಿನಲ್ಲಿ ಮಾತ್ರ ಉಬ್ಬಿ ಅಂಟಾಗುತ್ತವೆ. ಅಂಟನ್ನು ತೆಳ್ಳಗೆ ಬಳಿದು, ಒಂದು ರಾತ್ರಿ ಭಾರದ ಕೆಳಗಿಟ್ಟು ಒಣಗಿಸಬೇಕು. ಇಲ್ಲವಾದರೆ ಹಾಳೆ ಮುದುಡುವುದು.

ಹೊಲಿಗೆಯಲ್ಲಿ ನಾವು ಕಲಿತದ್ದನ್ನು ಮರೆಯಬೇಕಾಯಿತು. ಬಟ್ಟೆಗೆ ಹತ್ತಿರದ ಹೊಲಿಗೆ ಗಟ್ಟಿ. ಕಾಗದಕ್ಕೆ ಅದೇ ಕೇಡು. ಅಂಚೆಚೀಟಿಗಳ ಹಾಳೆಯನ್ನು ನೆನಪಿಗೆ ತಂದುಕೊಳ್ಳಿರಿ. ಸಾಲುತೂತುಗಳಿದ್ದಲ್ಲಿಯೇ ಅದು ಹರಿಯುತ್ತದೆ. ಸೂಜಿಯೂ ಅಂಥ ಸಾಲನ್ನೇ ಮಾಡುವುದು. ಆದುದರಿಂದ ಅರ್ಧ ಅಂಗುಲದಷ್ಟು ಉದ್ದದ ಹೊಲಿಗೆಗಳನ್ನು ಹಾಕಿ, ಕೂಡುಗಡೆ ಒಂದೂವರೆ ಅಂಗುಲ ಮೇಲೆಮೇಲೆ ಬರುವಂತೆ ಮಾಡಿ, ಕೆಳಗೆ ಬಟ್ಟೆಯ ಪಟ್ಟಿಯನ್ನು ಕೊಟ್ಟೆವು. ಅಗಲವಾದ ಭಾಗಗಳನ್ನು ಕೌದಿಯಂತೆ ತುಂಡುತುಂಡಾಗಿ ಜೋಡಿಸಿದ್ದು ಬಹಳ ಉಪಯೋಗವಾಯಿತು. ಒಂದು ತುಂಡು ಹರಿದರೆ ಅದೊಂದನ್ನೇ ತೆಗೆದು ಬೇರೆ ಹಾಕಬಹುದು, ಸೀಳೂ ಮುಂದಿನ ತುಂಡಿಗೆ ಹೋಗದು.

ಹೊಲಿದು ಗೋಡೆಗೆ ತೂಗಹಾಕುವ ಉಡುಪು ಬೇರೆ, ಉಡುವ ಉಡುಪು ಬೇರೆ. ಪ್ರತಿಯೊಬ್ಬಳೂ ತನ್ನ ಉಡುಪಿನಲ್ಲಿ ಕುರ್ಚಿಯ ಮೇಲೆ ಕುಳಿತು, ಎರಡು ಕೈಗಳನ್ನೂ ಮೇಲೆತ್ತಿ, ಅಂಗಳದ ಮೆಟ್ಟಿಲುಗಳನ್ನು ಹತ್ತಿ ಇಳಿದು ತೋರಿಸಬೇಕೆಂದೆವು. ಮೊದಲನೆಯ ಪರೀಕ್ಷೆಯಲ್ಲಿ ಹನ್ನೊಂದು ಉಡುಪುಗಳೊಳಗೆ ಏಳು ತೋಳಿನ ಬುಡದಲ್ಲಿ ಹರಿದವು. ತೋಳನ್ನು ಬೇರೆಯಾಗಿ ಕತ್ತರಿಸಿ, ಹೊಲಿಯದೆ ಬಟ್ಟೆಯ ಲಾಡಿಗಳಿಂದ ಕಟ್ಟಿದಾಗ ಆ ತೊಂದರೆ ತಪ್ಪಿತು.

ಹುಡುಗಿಯರನ್ನು ಜನರ ಮುಂದೆ ಹೀಗೆ ನಡೆಸುವುದು ಮರ್ಯಾದೆಯೆ ಎಂದು ಕೆಲವು ತಂದೆತಾಯಿಗಳು ಕೇಳಿದ್ದರು. ಕೇಳಿದ್ದು ಸರಿಯೇ, ಮಗಳ ವಿಷಯದಲ್ಲಿ ಯಾವ ತಾಯಿ ಕೇಳಳು? ಎಲ್ಲರೂ ಒಳಗೆ ತಮ್ಮ ಶಾಲೆಯ ಸಮವಸ್ತ್ರವನ್ನೇ ತೊಟ್ಟು, ಅದರ ಮೇಲೆ ಕಾಗದವನ್ನು ಧರಿಸುವುದೆಂದು ಗೊತ್ತುಮಾಡಿದೆವು. ದೀಪ, ಮೇಣದಬತ್ತಿ, ಊದುಬತ್ತಿಗಳನ್ನು ಆ ದಿನ ವೇದಿಕೆಯ ಹತ್ತಿರ ತರಗೊಡಲಿಲ್ಲ. ನೀರು ತುಂಬಿದ ಕೊಡಗಳನ್ನು ಪಕ್ಕದಲ್ಲಿ ಇಟ್ಟಿದ್ದೆವು. ಹೀಗೆ ಮಾಡದೆ ಯಾವ ಶಾಲೆಯವರೂ ಈ ಕಾರ್ಯಕ್ಕೆ ಕೈಹಾಕಬಾರದು.

ನಮ್ಮದು ಗಡಿಯ ಸೀಮೆಯಾದುದರಿಂದ ಮನೆಮನೆಯಿಂದ ಬಂದ ಪತ್ರಿಕೆಗಳು ಕನ್ನಡ, ಮರಾಠಿ, ಉರ್ದು ಮೂರರಲ್ಲಿಯೂ ಇದ್ದವು. ಒಂದೇ ಪರಕಾರದ ಮೇಲೆ ಮೂರು ಲಿಪಿಗಳನ್ನು ಕಂಡು ಸಭೆಯವರು ಸಂತೋಷಪಟ್ಟರು. ಆದರೆ ಎಲ್ಲರೂ ಬಹುಹೊತ್ತು ನೋಡಿದ್ದು ಜೇವರ್ಗಿಯ ಕಡೆಯ ತಾಂಡಾದ ಹುಡುಗಿಯ ಫೇಟಿಯಾವನ್ನು. ಲಂಬಾಣಿ ಹೆಂಗಸರು ಉಡುವ ಆ ಘೇರಿನ ಲಂಗವನ್ನು ಅವಳು ಖಾಕಿ ಕಾಗದದಿಂದ ಮಾಡಿ, ಕನ್ನಡಿಗಳಿಗೆ ಬದಲಾಗಿ ಬಿಸ್ಕತ್ತಿನ ಪೊಟ್ಟಣದ ಬೆಳ್ಳಿಬಣ್ಣದ ಒಳಮೈಯನ್ನು ದುಂಡಗೆ ಕತ್ತರಿಸಿ ಅಂಟಿಸಿದ್ದಳು. ಹಿಂದಿನ ವರ್ಷ ಜ್ವರವೆಂದು ಹೇಳಿದವಳು ಇವಳೇ. ಅವಳ ಅಜ್ಜಿ ಮುಂದಿನ ಸಾಲಿನಲ್ಲಿ ಕುಳಿತಿದ್ದು, ಕನ್ನಡಿಗಳ ಸಾಲು ಒಂದು ಕಡೆ ತಪ್ಪಿದೆಯೆಂದು ಗಟ್ಟಿಯಾಗಿಯೇ ಹೇಳಿದರು.

ಕಾರ್ಯಕ್ರಮ ಮುಗಿದ ಮೇಲೆ ಉಳಿದ ಉಡುಪುಗಳು ರದ್ದಿಯವನ ಗಾಡಿಯಲ್ಲಿ ಹೋದವು. ಆ ಫೇಟಿಯಾವನ್ನು ಮಾತ್ರ ಹೊಲಿಗೆಯ ಕೋಣೆಯ ಬೀರುವಿನಲ್ಲಿ ಬೇವಿನ ಎಲೆಗಳೊಡನೆ ಇಟ್ಟೆವು. ಕಳೆದ ತಿಂಗಳು ಅವಳು ಬಂದು ಅದನ್ನು ಹೊಲಿಗೆ ಬಿಚ್ಚಿ ಹರಡಿ, ಅಜ್ಜಿ ತೋರಿಸಿದ ಸಾಲನ್ನು ಸರಿಪಡಿಸಿ, ಅದನ್ನೇ ನಮೂನೆಯಾಗಿ ಬಟ್ಟೆಯ ಮೇಲಿಟ್ಟು ಸುಣ್ಣದ ಕಡ್ಡಿಯಿಂದ ಗುರುತು ಹಾಕಿಕೊಂಡು ಹೋಗಿದ್ದಾಳೆ.