ಬೇಜಾರು ಎಂಬ ಮಾತಿನ ಹಿಂದೆ

ಹದಿಹರೆಯದವರಲ್ಲಿ ಮಾನಸಿಕ ತೊಂದರೆಗಳು ಅಪರೂಪ, ಅವು ಪಟ್ಟಣದ ಮಕ್ಕಳಿಗೆ ಬರುವಂಥವು ಎಂಬ ನಂಬಿಕೆ ಶಿಕ್ಷಕರಲ್ಲಿ ಇಂದಿಗೂ ಉಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿ ಇಂತಹ ತೊಂದರೆಗೆ ಒಳಗಾಗಿದ್ದರು. ಮಹಾನಗರಗಳಲ್ಲಿ ಈ ಪ್ರಮಾಣ ಶೇಕಡಾ 13.5, ಗ್ರಾಮೀಣ ಪ್ರದೇಶದಲ್ಲಿ 6.9. ನಗರದಲ್ಲಿ ಹೆಚ್ಚೆಂಬುದು ನಿಜ, ಹಳ್ಳಿಯಲ್ಲಿ ಇಲ್ಲವೆಂಬುದು ನಿಜವಲ್ಲ. ಹಳ್ಳಿಯ ಸರಾಸರಿಯನ್ನೇ ಹಿಡಿದರೂ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಮೂವರಾದರೂ ಇರುತ್ತಾರೆ. ಹತ್ತರಿಂದ ಹತ್ತೊಂಬತ್ತು ವಯಸ್ಸಿನ ಏಳು ಮಂದಿಯಲ್ಲಿ ಒಬ್ಬರು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಅಂದಾಜು ಇದಕ್ಕಿಂತಲೂ ದೊಡ್ಡದು.

ಆ ಮೂವರು ಯಾರೆಂಬುದು ಮಾತ್ರ ಸುಲಭವಾಗಿ ತಿಳಿಯುವುದಿಲ್ಲ. ಗಲಾಟೆ ಮಾಡುವವನು ಶಿಕ್ಷೆಯ ಮೂಲಕವಾದರೂ ಗಮನಕ್ಕೆ ಬರುತ್ತಾನೆ. ಮೌನವಾಗಿ ಕುಳಿತವಳಿಗೆ ‘ಒಳ್ಳೆಯ ಹುಡುಗಿ’ ಎಂಬ ಹೆಸರು ಸಿಗುತ್ತದೆ. ಈ ವಯಸ್ಸಿನಲ್ಲಿ ಖಿನ್ನತೆಯು ಅಳುವಾಗಿ ಕಾಣುವುದಕ್ಕಿಂತ ಸಿಡುಕಾಗಿ, ಪದೇ ಪದೇ ಬರುವ ತಲೆನೋವು ಹೊಟ್ಟೆನೋವುಗಳಾಗಿ ಕಾಣಬಹುದು. ಕನ್ನಡದ ‘ಸಂಕಟ’ವೆಂಬ ಪದವೇ ಹೊಟ್ಟೆಗೂ ಮನಸ್ಸಿಗೂ ಸಲ್ಲುತ್ತದೆ.

ಗಡಿಯಾಚೆಯ ಶಾಲೆಗಳಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ತಾಳವಾಡಿಯ ಅಥವಾ ಜತ್ತದ ವಿದ್ಯಾರ್ಥಿ ಆಪ್ತಸಮಾಲೋಚಕರೊಡನೆ ತಮಿಳಿನಲ್ಲೋ ಮರಾಠಿಯಲ್ಲೋ ಉತ್ತರಿಸಬಲ್ಲನು; ಆದರೆ ದುಃಖವನ್ನು ಹೇಳಿಕೊಳ್ಳಲು ಮನೆಮಾತೇ ಬೇಕಾಗುತ್ತದೆ. ‘ಬೇಜಾರು’ ಎಂದರೆ ಬೇಸರವೂ ಆಗಬಹುದು, ಯಾರ ಮೇಲಿನದೋ ಮುನಿಸೂ ಆಗಬಹುದು, ಬದುಕೇ ಬೇಡವೆಂಬ ಭಾವವೂ ಆಗಬಹುದು. ಅನುವಾದದಲ್ಲಿ ಮೊದಲನೆಯ ಅರ್ಥವಷ್ಟೇ ಉಳಿದರೆ ಅಪಾಯ. ‘ಯಾವುದರ ಬೇಜಾರು? ಎಂದಿನಿಂದ?’ ಎಂದು ಕೇಳಿ ಬಿಡಿಸಬಲ್ಲವರು ಅನೇಕ ಶಾಲೆಗಳಲ್ಲಿ ಕನ್ನಡ ಶಿಕ್ಷಕರೊಬ್ಬರೇ.

ರೋಗನಿರ್ಣಯ ಅವರ ಕೆಲಸವಲ್ಲ. ನಿದ್ರೆ, ಊಟ, ಓದು, ಗೆಳೆತನಗಳಲ್ಲಿ ಕಂಡ ಬದಲಾವಣೆ ಎರಡು ವಾರಗಳಾದರೂ ಸರಿಹೋಗದಿದ್ದರೆ ಪೋಷಕರೊಡನೆ ಮಾತನಾಡಿ, ಸರಕಾರಿ ಆಸ್ಪತ್ರೆಗೆ ಕಳುಹಿಸುವುದು ಸಾಕು. ಸಾಯುವ ಮಾತು ಬಂದರೆ ಎರಡು ವಾರ ಕಾಯುವಂತಿಲ್ಲ. ಆ ವಿಚಾರವಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ. ಮಗುವನ್ನು ಒಂಟಿಯಾಗಿ ಬಿಡಬಾರದು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಲೂಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಉಚಿತವಾಗಿ ದೊರೆಯುತ್ತದೆ, ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಈ ಸಂಖ್ಯೆಯನ್ನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಲ್ಲ, ಮಕ್ಕಳು ಓಡಾಡುವ ಗೋಡೆಯ ಮೇಲೆ ಬರೆಸಬೇಕು.