ಬಿದರಿಯ ಬೆಳ್ಳಿಯನ್ನು ಗ್ರಾಂ ಲೆಕ್ಕದಲ್ಲಿ ಅಳೆಯಬಹುದೇ?

ಮದುವೆ, ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಬಂದ ಬಿದರಿ ಹೂದಾನಿಯೋ ಡಬ್ಬಿಯೋ ಸಮಾಜದ ಅನೇಕ ಮನೆಗಳ ಶೋಕೇಸಿನಲ್ಲಿದೆ. ಅಂಗಡಿಯಲ್ಲಿ ಅದನ್ನು ಕೈಗೆತ್ತಿಕೊಂಡವರು ಕೇಳುವ ಮೊದಲ ಪ್ರಶ್ನೆ, ‘ಇದರಲ್ಲಿ ಬೆಳ್ಳಿ ಎಷ್ಟು ಗ್ರಾಂ?’ ವ್ಯಾಪಾರಸ್ಥ ಮನೆತನಗಳಿಗೆ ಈ ಪ್ರಶ್ನೆ ಸಹಜ. ಆದರೆ ಬಿದರಿಗೆ ಈ ಲೆಕ್ಕ ಹೊಂದುವುದಿಲ್ಲ.

ಕಾರಣ, ಪಾತ್ರೆಯ ಮೈ ಬೆಳ್ಳಿಯದಲ್ಲ. ಸುಮಾರು 16 ಭಾಗ ಸತುವಿಗೆ 1 ಭಾಗ ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿದಾಗ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಚೂಪಾದ ಮೊನೆಯಿಂದ ಬಳ್ಳಿ, ಹೂವುಗಳನ್ನು ಕೈಯಲ್ಲೇ ಬರೆಯುತ್ತಾರೆ. ಬರೆದ ಗೆರೆಯನ್ನು ಚಾಣದಿಂದ ಕೊರೆದು, ಆ ಕಾಲುವೆಯೊಳಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಅಂಟಿಲ್ಲ, ಬೆಸುಗೆಯಿಲ್ಲ.

ಕೊನೆಯ ಕೆಲಸವೇ ವಿಸ್ಮಯ. ಬೀದರ್ ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತುವಿನ ಮೈ ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬಹಮನಿ ಕಾಲದಿಂದ ಬಂದ ಈ ಕಸುಬಿಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಮುಂಬೈಯಲ್ಲಿ ಹೆಸರಾದ ಚಿತ್ರಕಾರ ಕೆ.ಕೆ. ಹೆಬ್ಬಾರರನ್ನು ಇಲ್ಲಿ ನೆನೆಯಬಹುದು. ಗೆರೆಯಲ್ಲಿ ಲಯ ಬರಲೆಂದು ಅವರು ಕಥಕ್ ನೃತ್ಯವನ್ನೂ ಕಲಿತರು. ಅವರ ರೇಖಾಚಿತ್ರ ಕೊಳ್ಳುವವರು ಯಾರೂ ಶಾಯಿಯ ತೂಕ ಕೇಳುವುದಿಲ್ಲ. ಬಿದರಿಯವರದ್ದೂ ಗೆರೆಯ ಕೆಲಸವೇ, ಅದೂ ಅಳಿಸಿ ತಿದ್ದಲಾಗದ ಲೋಹದ ಮೇಲೆ. ವ್ಯತ್ಯಾಸವೆಂದರೆ ಚಿತ್ರದ ಮೂಲೆಯಲ್ಲಿ ಸಹಿ ಇರುತ್ತದೆ, ಹೂದಾನಿಯ ತಳದಲ್ಲಿ ಸಾಮಾನ್ಯವಾಗಿ ಯಾರ ಹೆಸರೂ ಇರುವುದಿಲ್ಲ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಬಿದರಿಗೂ ಒಂದು ಮುಖವಿದೆ ಎಂದು ಎಷ್ಟೋ ಮಂದಿಗೆ ತಿಳಿಯಿತು.

ಬೆಳ್ಳಿಯ ದರ ಏರಿದಂತೆ ಕುಶಲಕರ್ಮಿಯ ಬಂಡವಾಳ ಏರುತ್ತದೆ. ಗಿರಾಕಿ ತೂಕ ಹಿಡಿದು ಚೌಕಾಸಿಗೆ ಕೂತರೆ ಕಡಿತವಾಗುವುದು ಬೆಳ್ಳಿಯಲ್ಲಲ್ಲ, ಕೂಲಿಯಲ್ಲಿ. ಮಗ ಬೇರೆ ಕೆಲಸ ಹುಡುಕಿಕೊಳ್ಳುತ್ತಾನೆ. ಆದ್ದರಿಂದ ಕೊಳ್ಳುವಾಗ ಗ್ರಾಂ ಬದಲು ಕೆತ್ತನೆ ನೋಡಿ. ಗೆರೆ ಎಷ್ಟು ಸಣ್ಣ, ಎಷ್ಟು ಒತ್ತಾಗಿದೆ, ಉಗುರಾಡಿಸಿದರೆ ಬೆಳ್ಳಿಯೂ ಕಪ್ಪೂ ಒಂದೇ ಸಮವಾಗಿವೆಯೇ ಎಂದು ಗಮನಿಸಿ. ಮಾಡಿದವರ ಹೆಸರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಮನೆಯ ಹಳೇ ಬೆಳ್ಳಿ ಕರಗಿಸಲು ಕೊಡುವಾಗ ಅದರೊಂದಿಗೆ ಹಳೇ ಬಿದರಿಯನ್ನು ಸೇರಿಸಬೇಡಿ. ಸಿಗುವ ಬೆಳ್ಳಿ ಅತ್ಯಲ್ಪ, ಹೋಗುವ ಕೆಲಸ ಮತ್ತೆ ಬಾರದು.

ಪಂಚಾಮೃತ ಅಭಿಷೇಕಕ್ಕೆ ಬಿದರಿ ಪಾತ್ರೆ ಬೇಡ, ಅದಕ್ಕೆ ಶುದ್ಧ ಬೆಳ್ಳಿಯೇ ಸರಿ. ಹುಣಸೆಹಣ್ಣು, ನಿಂಬೆ ಹಾಕಿ ತಿಕ್ಕಿದರೆ ಬಿದರಿಯ ಕಪ್ಪು ಕೆಡುತ್ತದೆ. ಒಣ ಮೆತ್ತನೆ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು. ಆಗಲೂ ಬಣ್ಣ ಮಾಸಿದ್ದರೆ ಬೀದರಿನ ಕೆಲಸಗಾರರು ಅದೇ ಕೋಟೆ ಮಣ್ಣಿನಿಂದ ಮತ್ತೆ ಕಪ್ಪೇರಿಸಿ ಕೊಡಬಲ್ಲರು.