ನಿಮಗಿದು ಗೊತ್ತೇ? ತೊಗರಿ ಕಟ್ಟಿಗೆ ಅರಗಿಸುವವರು ಯಾರು?

ಔರಾದ್ ಕಡೆ ತೊಗರಿ ರಾಶಿ ಮುಗಿದ ಮೇಲೆ ಬದುವಿನಲ್ಲಿ ಉಳಿಯುವ ಕಟ್ಟಿಗೆಯನ್ನು ದನ ಮೂಸಿಯೂ ನೋಡುವುದಿಲ್ಲ. ಅದರಲ್ಲಿ ಲಿಗ್ನಿನ್ ಹೆಚ್ಚು. ನಾರಿನ ಎಳೆಗಳನ್ನು ಬಿಗಿದು ಕಾಂಡವನ್ನು ನೆಟ್ಟಗೆ ನಿಲ್ಲಿಸುವ ಈ ವಸ್ತುವಿಗೆ 1813ರಲ್ಲಿ ಹೆಸರಿಟ್ಟವರು ಸ್ವಿಸ್ ಸಸ್ಯವಿಜ್ಞಾನಿ ದ ಕಾಂಡೋಲ್.

ನಾರು, ಅಂದರೆ ಸೆಲ್ಯುಲೋಸ್, ಒಂದೇ ಅಚ್ಚಿನ ಮಣಿಸರ. ಒಂದು ಮಣಿ ಬಿಡಿಸಲು ಗೊತ್ತಿದ್ದರೆ ಇಡೀ ಸರ ಬಿಡಿಸಬಹುದು. ಲಿಗ್ನಿನ್‌ಗೆ ಅಂಥ ಕ್ರಮವೇ ಇಲ್ಲ, ಜೋಡಣೆಗಳೆಲ್ಲ ಅಡ್ಡಾದಿಡ್ಡಿ. ಹಾಗಾಗಿ ಬಿಳಿ ಕೊಳೆ ಶಿಲೀಂಧ್ರಗಳು ಬೇರೆ ದಾರಿ ಹಿಡಿದಿವೆ: ಹೈಡ್ರೋಜನ್ ಪೆರಾಕ್ಸೈಡ್ ಬಳಸುವ ಕಿಣ್ವಗಳನ್ನು ಹೊರಬಿಟ್ಟು ಲಿಗ್ನಿನ್ನನ್ನು ಸಿಕ್ಕಸಿಕ್ಕಲ್ಲಿ ಒಡೆಯುತ್ತವೆ. ಅವುಗಳಲ್ಲಿ ಮುಖ್ಯವಾದ ಲಿಗ್ನಿನ್ ಪೆರಾಕ್ಸಿಡೇಸ್ ಪತ್ತೆಯಾಗಿದ್ದು 1983ರಲ್ಲಷ್ಟೇ.

ನಾಲ್ಕು ಕೋಣೆಯ ಹೊಟ್ಟೆಯಿರುವ ದೇವಣಿ ಹಸುವಿಗೂ ಲಿಗ್ನಿನ್ ದಕ್ಕದು. ಈ ಕಿಣ್ವಗಳ ಕೆಲಸಕ್ಕೆ ಗಾಳಿಯ ಆಮ್ಲಜನಕ ಬೇಕು. ದನದ ಮೊದಲ ಹೊಟ್ಟೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲೂ ಶಿಲೀಂಧ್ರಗಳಿವೆ. 1975ರಲ್ಲಿ ಕಾಲಿನ್ ಆರ್ಪಿನ್ ತೋರಿಸಿಕೊಡುವ ತನಕ ಅವನ್ನು ಏಕಕೋಶ ಜೀವಿಗಳೆಂದೇ ತಿಳಿದಿದ್ದರು. ಅವು ಕಣಕಿಯ ನಾರನ್ನು ಸೀಳುತ್ತವೆ, ಲಿಗ್ನಿನ್ ಮಾತ್ರ ಬಹುಪಾಲು ಸೆಗಣಿಗೇ ಹೋಗುತ್ತದೆ. ಕುಳ್ಳು ಚೆನ್ನಾಗಿ ಉರಿಯುವುದರಲ್ಲಿ ಈ ಅರಗದ ಪಾಲಿನದೂ ಕೈವಾಡವಿದೆ!

ಸೋಯಾಬೀನ್ ಹೊಟ್ಟು, ಜೋಳದ ಕಣಕಿ, ಕಬ್ಬಿನ ಸಿಪ್ಪೆ ಯಾವುದಾದರೂ ಸರಿ, ನೆನೆಸಿ, ಬಿಸಿ ಮಾಡಿ, ಆರಿಸಿ, ಚೀಲಕ್ಕೆ ತುಂಬಿ ಬೀಜ ಹಾಕಿದರೆ ಚಿಪ್ಪಣಬೆ ಬರುತ್ತದೆ. ಇದೂ ಬಿಳಿ ಕೊಳೆ ಬಳಗದ್ದೇ. ಬೀದರ್ ಬೇಸಿಗೆಯ ಕಾವು ಇದಕ್ಕೆ ಆಗಿಬರುವುದಿಲ್ಲ, ಮಳೆ-ಚಳಿಗಾಲವೇ ಲೇಸು.

ತೊಗರಿಗೆ ನೆಟೆ ರೋಗ ಬಾರದಿರಲೆಂದು ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಹಚ್ಚಿ ಬಿತ್ತುತ್ತಾರಲ್ಲ? ಅದರ ದಾಯಾದಿಯೊಬ್ಬ ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಡೇರೆಗಳನ್ನೇ ತಿಂದುಹಾಕಿದ್ದ. ಹತ್ತಿಬಟ್ಟೆ ಎಂದರೆ ಬಹುತೇಕ ಸೆಲ್ಯುಲೋಸೇ ತಾನೆ. ಆ ಕಾಟದ ಬೆನ್ನುಹತ್ತಿದ ವಿಜ್ಞಾನಿ ಎಲ್ವಿನ್ ರೀಸ್ ಹೆಸರಿನಲ್ಲೇ ಅದು ಈಗ ಟ್ರೈಕೋಡರ್ಮಾ ರೀಸೈ. ಇಂದು ಕಾರ್ಖಾನೆಗಳು ಬಳಸುವ ಸೆಲ್ಯುಲೇಸ್ ಕಿಣ್ವದ ದೊಡ್ಡ ಮೂಲವೂ ಅದೇ. ಲಿಗ್ನಿನ್ ಮಾತ್ರ ಅದಕ್ಕೂ ಆಗದ ಕೆಲಸ.

ಭಾಲ್ಕಿ ಸೀಮೆಯ ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯ ಒಣ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಲಿಗ್ನಿನ್. ಸಕ್ಕರೆ ಕಾರ್ಖಾನೆಗಳು ಸಿಪ್ಪೆಯನ್ನು ಬಾಯ್ಲರಿಗೆ ಹಾಕುತ್ತವೆ. ಅದರಿಂದಲೇ ಎಥನಾಲ್ ತೆಗೆಯಬೇಕೆಂದರೆ ಮೊದಲು ಲಿಗ್ನಿನ್ ಹಿಡಿತ ಸಡಿಲಿಸಬೇಕು. ಖರ್ಚು ಏರುವುದು ಅಲ್ಲೇ.

ಜೀನ್ಸ್ ಪ್ಯಾಂಟಿನ ನೀಲಿ ತಿಳಿಗೊಳಿಸುವ ಲ್ಯಾಕೇಸ್ ಕೂಡ ಲಿಗ್ನಿನ್ ಒಡೆಯುವ ಬಳಗದ ಕಿಣ್ವ. 1883ರಲ್ಲಿ ಅದು ಮೊದಲು ಕಂಡದ್ದು ಅಣಬೆಯಲ್ಲಲ್ಲ, ಜಪಾನಿನ ಅರಗು ಮರದ ಹಾಲಿನಲ್ಲಿ.

ಬೀದರ್ ಕೋಟೆಯ ರಂಗೀನ್ ಮಹಲಿನ ಕೆತ್ತನೆಯ ಮರದ ಕಂಬಗಳು ಬರೀದ್ ಶಾಹಿ ಕಾಲದವು, ಅಂದರೆ ನಾಲ್ಕು ಶತಮಾನ ದಾಟಿದವು. ಒಣಗಿದ ಮರವನ್ನು ಶಿಲೀಂಧ್ರ ಮುಟ್ಟುವುದಿಲ್ಲ. ತೇವ ಶೇ 20ರೊಳಗಿದ್ದರೆ ಕೊಳೆ ಹತ್ತದು. ಇಂಥ ಕಟ್ಟಡಕ್ಕೆ ಬಣ್ಣ-ಪಾಲಿಶ್‌ಗಿಂತ ಸೋರದ ಮಾಳಿಗೆಯೇ ಮುಖ್ಯ.